ಭರವಸೆ ಮತ್ತು ಅದರ ದಾರಿಗಳು

ಸ್ಕಿಜೋಫ್ರೇನಿಯಾ ಉಳ್ಳವರ ಬದುಕಿನಲ್ಲಿ ಭರವಸೆಗೆ ಏನು ಸ್ಥಾನ ಎಂಬ ಪ್ರಶ್ನೆಯನ್ನು ಮನೋವೈದ್ಯಶಾಸ್ತ್ರವು ಬಹುಕಾಲ ಕೇಳಿಕೊಳ್ಳಲೇ ಇಲ್ಲ; ಉತ್ತರ ಮೊದಲೇ ಸಿದ್ಧವಾಗಿತ್ತು. ಎದುರಿಗೆ ಯಾರೂ ಇಲ್ಲದಿದ್ದರೂ ಧ್ವನಿಗಳು ಕೇಳಿಸುವುದು, ಯಾರೋ ಹಿಂಬಾಲಿಸುತ್ತಿದ್ದಾರೆ ಅಥವಾ ಊಟಕ್ಕೆ ವಿಷ ಬೆರೆಸುತ್ತಿದ್ದಾರೆ ಎಂಬಂಥ ಹುಸಿನಂಬಿಕೆಗಳು ಅಲುಗಾಡದಂತೆ ನೆಲೆಯೂರುವುದು, ಮಾತಿನ ಎಳೆ ತಪ್ಪುವುದು, ಜೊತೆಗೆ ಉತ್ಸಾಹ ಮತ್ತು ಭಾವನೆಗಳು ಬತ್ತುತ್ತ ಹೋಗುವುದು ಈ ಕಾಯಿಲೆಯ ಮುಖ್ಯ ಲಕ್ಷಣಗಳು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಎಮಿಲ್ ಕ್ರೆಪೆಲಿನ್ ಇದನ್ನು ಎಳೆ ವಯಸ್ಸಿನಲ್ಲೇ ಬುದ್ಧಿಯನ್ನು ಕ್ಷಯಿಸುವ ರೋಗವೆಂದು ವರ್ಣಿಸಿದರು. 1908ರಲ್ಲಿ ಸ್ವಿಟ್ಜರ್ಲೆಂಡಿನ ಯೂಜೀನ್ ಬ್ಲಾಯ್ಲರ್ ಈಗಿನ ಹೆಸರನ್ನು ಕೊಟ್ಟರಾದರೂ ಇಳಿಜಾರಿನ ಆ ಕಲ್ಪನೆ ಮಾತ್ರ ಆಸ್ಪತ್ರೆಗಳ ಗೋಡೆಗಳೊಳಗೆ ಹಾಗೆಯೇ ಉಳಿದುಕೊಂಡಿತು.

ಆ ಗೋಡೆಗಳನ್ನು ಆಸ್ಟ್ರೇಲಿಯಾದ ಸಿಡ್ನಿ ಮತ್ತು ಮೆಲ್ಬರ್ನ್ ನಗರಗಳಲ್ಲಿ ಇಂದಿಗೂ ನೋಡಬಹುದು. ಸಿಡ್ನಿಯಲ್ಲಿ 1838ರಲ್ಲಿ ಟಾರ್ಬನ್ ಕ್ರೀಕ್ ಎಂಬ ಮನೋರೋಗಿಗಳ ಆಶ್ರಮವೂ, ನಂತರ ಕ್ಯಾಲನ್ ಪಾರ್ಕಿನ ಮರಳುಗಲ್ಲಿನ ಭವ್ಯ ಕಟ್ಟಡಗಳೂ ಬಂದವು. ಮೆಲ್ಬರ್ನಿನಲ್ಲಿ 1848ರಲ್ಲಿ ಯಾರಾ ಬೆಂಡ್, 1871ರಲ್ಲಿ ಕ್ಯೂ ಬೆಟ್ಟದ ಮೇಲಿನ ಆಶ್ರಮ ತೆರೆದವು. ಒಳಗೆ ಹೋದವರಲ್ಲಿ ಅನೇಕರು ಅಲ್ಲಿಯೇ ಮುದುಕರಾದರು. 1952ರ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಝೀನ್ ಎಂಬ ಔಷಧದ ಪರಿಣಾಮ ಗೊತ್ತಾದ ಮೇಲೆ ಚಿತ್ರ ಬದಲಾಗತೊಡಗಿತು. ನ್ಯೂ ಸೌತ್ ವೇಲ್ಸ್ ಸರ್ಕಾರಕ್ಕೆ 1983ರಲ್ಲಿ ಸಲ್ಲಿಕೆಯಾದ ರಿಚ್‌ಮಂಡ್ ವರದಿಯು ದೊಡ್ಡ ಆಸ್ಪತ್ರೆಗಳ ಬದಲು ಸಮುದಾಯದ ನಡುವೆಯೇ ಆರೈಕೆ ನಡೆಯಬೇಕೆಂದಿತು, ಕ್ಯೂ ಆಶ್ರಮ 1988ರಲ್ಲಿ ಮುಚ್ಚಿತು. ಆದರೆ ಹೊರಬಂದವರಿಗೆ ಮನೆಯಾಗಲಿ ಕೆಲಸವಾಗಲಿ ಸಾಕಷ್ಟು ಸಿಗಲಿಲ್ಲ ಎಂಬುದನ್ನು ಬ್ರಿಯಾನ್ ಬರ್ಡೆಕಿನ್ ನೇತೃತ್ವದ ಮಾನವ ಹಕ್ಕುಗಳ ವಿಚಾರಣೆಯು 1993ರಲ್ಲಿ ಕಟುವಾಗಿಯೇ ದಾಖಲಿಸಿತು. ಗೇಟು ತೆರೆದಿತ್ತು, ಆದರೆ ಗೇಟಿನಾಚೆಗೆ ರಸ್ತೆ ಹಾಕಿರಲಿಲ್ಲ.

ಭರವಸೆಯ ಚರ್ಚೆಗೆ ಈ ಇತಿಹಾಸ ಏಕೆ ಬೇಕು ಎಂಬುದು ಅಮೆರಿಕದ ಮನೋವಿಜ್ಞಾನಿ ಸಿ. ಆರ್. ಸ್ನೈಡರ್ 1990ರ ದಶಕದಲ್ಲಿ ಮಂಡಿಸಿದ ಸಿದ್ಧಾಂತವನ್ನು ನೋಡಿದರೆ ಸ್ಪಷ್ಟವಾಗುತ್ತದೆ. ಅವರ ಪ್ರಕಾರ ಭರವಸೆಯೆಂದರೆ ಎಲ್ಲವೂ ಸರಿಹೋಗುತ್ತದೆ ಎಂಬ ಹಾರೈಕೆಯಲ್ಲ. ಅದಕ್ಕೆ ಎರಡು ಅಂಗಗಳಿವೆ. ಗುರಿಯೊಂದನ್ನು ತಾನು ಮುಟ್ಟಬಲ್ಲೆನೆಂಬ ಸಂಕಲ್ಪ ಒಂದು, ಅಲ್ಲಿಗೆ ಹೋಗುವ ದಾರಿಗಳು ಕಾಣಿಸುವುದು ಇನ್ನೊಂದು. ಎರಡರಲ್ಲಿ ಒಂದಿಲ್ಲದಿದ್ದರೂ ಭರವಸೆ ನಿಲ್ಲುವುದಿಲ್ಲ. ರೋಗಿಗೆ ಧೈರ್ಯ ಹೇಳುವುದರಲ್ಲಿ ನಮ್ಮ ಸಮಾಜ ಎಂದೂ ಹಿಂದೆ ಬಿದ್ದಿಲ್ಲ. ಆದರೆ ಧೈರ್ಯದ ಮಾತು ಮುಟ್ಟುವುದು ಸಂಕಲ್ಪವನ್ನಷ್ಟೆ. ದಾರಿ ಎಂಬುದು ಬಾಡಿಗೆಮನೆ, ಬಸ್ಸು, ಅರ್ಧ ದಿನದ ಕೆಲಸ, ವಾರಕ್ಕೊಮ್ಮೆ ಕಾಫಿಗೆ ಜೊತೆಯಾಗುವ ಸ್ನೇಹಿತ. ಅವುಗಳಲ್ಲಿ ಬಹುಪಾಲು ರೋಗಿಯ ಕೈಯಲ್ಲಿಲ್ಲ, ಇತರರ ಕೈಯಲ್ಲಿವೆ. ಆದ್ದರಿಂದ ಭರವಸೆಯನ್ನು ರೋಗಿಯೊಬ್ಬನ ಮನೋಗುಣವೆಂದು ಮಾತ್ರ ಅಳೆಯುವ ಅಧ್ಯಯನವು ಅರ್ಧ ವಿಷಯವನ್ನಷ್ಟೇ ಅಳೆಯುತ್ತದೆ ಎಂಬುದು ಈ ವಿಷಯವನ್ನು ಕುರಿತು ನಡೆಯುತ್ತಿರುವ ಈ ಸಂಕಿರಣದ ಮುಂದಿಡಬೇಕಾದ ಮೊದಲ ಮಾತು.

ಜೀವನದ ಗುಣಮಟ್ಟದ ವಿಷಯವೂ ಇದಕ್ಕೆ ಹತ್ತಿರದ್ದೇ. ವಿಶ್ವ ಆರೋಗ್ಯ ಸಂಸ್ಥೆಯು ತನ್ನ ಮಾಪಕವನ್ನು ರೂಪಿಸುವಾಗ ಹಲವು ದೇಶಗಳ ಕೇಂದ್ರಗಳನ್ನು ಒಟ್ಟಿಗೆ ತೊಡಗಿಸಿತು. ಅವುಗಳಲ್ಲಿ ಮೆಲ್ಬರ್ನ್ ಇತ್ತು, ಮದ್ರಾಸ್ ಮತ್ತು ದೆಹಲಿಯೂ ಇದ್ದವು. ಅದರ ಸಂಕ್ಷಿಪ್ತ ರೂಪದಲ್ಲಿ 26 ಪ್ರಶ್ನೆಗಳಿವೆ, ಕನ್ನಡದಲ್ಲಿಯೂ ಅದು ಲಭ್ಯ. ಕಳೆದ ಎರಡು ವಾರಗಳನ್ನು ನೆನೆದುಕೊಂಡು ದೇಹ, ಮನಸ್ಸು, ಸಂಬಂಧ ಮತ್ತು ಸುತ್ತಲಿನ ಪರಿಸರ ಎಂಬ ನಾಲ್ಕು ವಲಯಗಳ ಬಗ್ಗೆ ಒಂದರಿಂದ ಐದರವರೆಗೆ ಗುರುತು ಹಾಕಬೇಕು: ನಿದ್ದೆ ಹೇಗಿದೆ, ಖರ್ಚಿಗೆ ಹಣ ಸಾಕಾಗುತ್ತಿದೆಯೇ, ವಾಸದ ಜಾಗ ತೃಪ್ತಿ ಕೊಟ್ಟಿದೆಯೇ, ಸ್ನೇಹಿತರ ಆಸರೆ ಇದೆಯೇ. ಇದರ ಪಕ್ಕದಲ್ಲಿ ಹೊರರೋಗಿ ವಿಭಾಗದ ಸಾಮಾನ್ಯ ಭೇಟಿಯೊಂದನ್ನು ಇಟ್ಟು ನೋಡಬೇಕು. ಮಾತ್ರೆ ತಪ್ಪಿಸಿಲ್ಲ ತಾನೆ, ಧ್ವನಿಗಳು ಕೇಳುತ್ತಿವೆಯೇ, ನಿದ್ದೆ ಬರುತ್ತಿದೆಯೇ ಎಂಬಲ್ಲಿಗೆ ಹತ್ತು ನಿಮಿಷ ಮುಗಿಯುತ್ತದೆ, ಹಣ ಮತ್ತು ಸ್ನೇಹಿತರ ಪ್ರಶ್ನೆಗಳು ಬರುವುದೇ ಇಲ್ಲ. ವೈದ್ಯರನ್ನು ದೂರಿ ಪ್ರಯೋಜನವಿಲ್ಲ, ಸರತಿಯಲ್ಲಿ ಇನ್ನೂ ಮೂವತ್ತು ಜನ ಕುಳಿತಿರುತ್ತಾರೆ.

ಕೇಳಿದರೆ ಏನು ಉತ್ತರ ಬರುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದಲ್ಲಿ ಗಟ್ಟಿಯಾದ ಆಧಾರವಿದೆ. ಮನೋವಿಕೃತಿಯ, ಎಂದರೆ ವಾಸ್ತವದ ಹಿಡಿತ ತಪ್ಪಿಸುವ ಕಾಯಿಲೆಗಳ, ಎರಡನೆಯ ರಾಷ್ಟ್ರೀಯ ಸಮೀಕ್ಷೆಯು 2010ರಲ್ಲಿ ಮೆಲ್ಬರ್ನಿನ ಪ್ರದೇಶಗಳೂ ಸೇರಿದಂತೆ ಏಳು ಕಡೆ 1,825 ಜನರನ್ನು ಸಂದರ್ಶಿಸಿತು. ಮುಂದಿನ ವರ್ಷ ಎದುರಾಗಬಹುದಾದ ದೊಡ್ಡ ಸವಾಲುಗಳಾವುವು ಎಂದು ಕೇಳಿದಾಗ ಅವರು ಮೊದಲು ಹೆಸರಿಸಿದ್ದು ಹಣದ ತಾಪತ್ರಯ. ನಂತರ ಒಂಟಿತನ, ನಂತರ ನಿರುದ್ಯೋಗ. ಹತೋಟಿಗೆ ಬಾರದ ರೋಗಲಕ್ಷಣಗಳು ಇವೆಲ್ಲದರ ಕೆಳಗೆ ಬಂದವು. ಅವರಲ್ಲಿ ನೂರಕ್ಕೆ 85ರಷ್ಟು ಜನರ ಮುಖ್ಯ ಆದಾಯ ಸರ್ಕಾರಿ ಪಿಂಚಣಿಯಾಗಿತ್ತು, ಮೂರನೆಯ ಎರಡರಷ್ಟು ಜನ ಧೂಮಪಾನಿಗಳಾಗಿದ್ದರು. ಧ್ವನಿಗಳ ಜೊತೆ ಹೇಗೋ ಬಾಳಬಹುದು, ಯಾರೂ ಮಾತನಾಡಿಸದ ಮನೆಯಲ್ಲಿ ಬಾಳುವುದು ಕಷ್ಟ ಎಂದು ಆ ಅಂಕಿಗಳನ್ನು ಓದಿಕೊಂಡರೆ ಉತ್ಪ್ರೇಕ್ಷೆಯಾಗಲಾರದು.

ಇಲ್ಲಿ ಒಂದು ತೊಡಕನ್ನು ತುಸು ನಿಧಾನವಾಗಿಯೇ ಗಮನಿಸಬೇಕು. ರೋಗಿಗೆ ತನ್ನ ಕಾಯಿಲೆಯ ಅರಿವು ಮೂಡುವುದನ್ನು ಚಿಕಿತ್ಸೆಯ ಗೆಲುವೆಂದೇ ಭಾವಿಸಲಾಗುತ್ತದೆ, ಅರಿವಿದ್ದವರು ಔಷಧವನ್ನು ಕ್ರಮವಾಗಿ ತೆಗೆದುಕೊಳ್ಳುವುದೂ ನಿಜ. ಆದರೆ ಅದೇ ಅರಿವು ಖಿನ್ನತೆಯನ್ನೂ ತರಬಲ್ಲದು. ಅಮೆರಿಕದ ಪಾಲ್ ಲೈಸಾಕರ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದಂತೆ, ಅರಿವಿನ ಜೊತೆಗೆ ಸಮಾಜದ ಕಳಂಕವನ್ನೂ ನಿಜವೆಂದು ಒಳಗಿಳಿಸಿಕೊಂಡವರಲ್ಲಿ ಭರವಸೆ ಮತ್ತು ಆತ್ಮಗೌರವ ಕಡಿಮೆಯಿರುತ್ತವೆ. ಅರಿವಿದ್ದೂ ಕಳಂಕವನ್ನು ಒಪ್ಪದವರ ಸ್ಥಿತಿ ಹಾಗಿರುವುದಿಲ್ಲ. ಹಾಗಾದರೆ ರೋಗದ ಹೆಸರನ್ನು ಹೇಳುವ ಆ ಗಳಿಗೆಯಲ್ಲಿ ರೋಗಿಗೆ ಏನೇನು ಕೇಳಿಸುತ್ತದೆ ಎಂಬುದು ಔಷಧದ ಪ್ರಮಾಣದಷ್ಟೇ ಮುಖ್ಯವಾಗುತ್ತದೆ. ಜೀವನಪೂರ್ತಿ ಹೀಗೆಯೇ ಎಂದು ತೀರ್ಪು ಕೊಡುವವರಿಗೆ ವಿಜ್ಞಾನದ ಬೆಂಬಲವೂ ಇಲ್ಲ. ಅಮೆರಿಕದ ವರ್ಮಾಂಟ್ ರಾಜ್ಯದ ಆಸ್ಪತ್ರೆಯ ದೀರ್ಘಕಾಲದ ರೋಗಿಗಳ ವಾರ್ಡುಗಳಲ್ಲಿದ್ದವರನ್ನು ಸುಮಾರು 32 ವರ್ಷಗಳ ನಂತರ ಹುಡುಕಿ ನೋಡಿದ ಕೋರ್ಟ್‌ನಿ ಹಾರ್ಡಿಂಗ್ ಅವರ ತಂಡವು ಅರ್ಧದಿಂದ ಮೂರನೆಯ ಎರಡರಷ್ಟು ಜನ ಗಣನೀಯವಾಗಿ ಸುಧಾರಿಸಿದ್ದಾರೆ ಅಥವಾ ಗುಣವಾಗಿದ್ದಾರೆ ಎಂದು 1987ರಲ್ಲಿ ಪ್ರಕಟಿಸಿತು.

ಸಿಡ್ನಿಯ ದಕ್ಷಿಣಕ್ಕಿರುವ ವೊಲಾಂಗಾಂಗ್ ವಿಶ್ವವಿದ್ಯಾಲಯದ ರೆಟ್ಟಾ ಆಂಡ್ರಿಸನ್ ಮತ್ತು ಸಹೋದ್ಯೋಗಿಗಳು 2003ರಲ್ಲಿ ಈ ಕಾಯಿಲೆಯಿಂದ ಚೇತರಿಸಿಕೊಂಡವರ ಬರಹಗಳನ್ನೇ ಆಧಾರವಾಗಿಟ್ಟುಕೊಂಡು ಚೇತರಿಕೆಯ ಐದು ಹಂತಗಳನ್ನು ಗುರುತಿಸಿದರು: ಎಲ್ಲವನ್ನೂ ಕೈಬಿಟ್ಟು ಮುದುಡಿಕೊಂಡ ಸ್ಥಿತಿ, ಬೇರೆ ಬದುಕು ಸಾಧ್ಯವೆಂಬ ಅರಿವು, ಸಿದ್ಧತೆ, ಮರುನಿರ್ಮಾಣ, ಬೆಳವಣಿಗೆ. ಇಲ್ಲಿ ಚೇತರಿಕೆ ಎಂದರೆ ಲಕ್ಷಣಗಳು ಅಳಿಸಿಹೋಗುವುದಲ್ಲ, ಅವು ಉಳಿದರೂ ಅರ್ಥವುಳ್ಳ ಬದುಕನ್ನು ಕಟ್ಟಿಕೊಳ್ಳುವುದು. ಎರಡನೆಯ ಹಂತದ ಕಿಡಿ ಅನೇಕ ವೇಳೆ ಹೊರಗಿನಿಂದಲೇ ಬರುತ್ತದೆ; ಇದೇ ಕಾಯಿಲೆಯನ್ನು ದಾಟಿ ಬಂದ ಇನ್ನೊಬ್ಬರನ್ನು ಕಣ್ಣಾರೆ ಕಾಣುವುದರಷ್ಟು ಪರಿಣಾಮ ಬೇರಾವ ಉಪದೇಶಕ್ಕೂ ಇಲ್ಲ.

ಇಂಥ ದಾರಿಗಳನ್ನು ನಿರ್ಮಿಸುವ ಕೆಲಸ ಸಿಡ್ನಿ, ಮೆಲ್ಬರ್ನ್ ಎರಡೂ ನಗರಗಳಲ್ಲಿ ನಡೆದಿದೆ. ಪ್ಯಾಟ್ರಿಕ್ ಮೆಕ್‌ಗೋರಿ ಅವರು 1992ರಲ್ಲಿ ಮೆಲ್ಬರ್ನಿನಲ್ಲಿ ಆರಂಭಿಸಿದ ಎಪ್ಪಿಕ್ ಕೇಂದ್ರವು ಮೊದಲ ಸಲ ಕಾಯಿಲೆಗೆ ಬಿದ್ದ ಯುವಕ ಯುವತಿಯರನ್ನು ಹಳೆಯ ರೋಗಿಗಳ ವಾರ್ಡಿಗೆ ತಳ್ಳದೆ, ಓದು, ಕೆಲಸ, ಕುಟುಂಬ ಮೂರನ್ನೂ ಚಿಕಿತ್ಸೆಯೊಳಗೆ ತಂದಿತು. ಅದರ ಮಾದರಿ ಇಂದು ಅನೇಕ ದೇಶಗಳಲ್ಲಿದೆ. ಸಿಡ್ನಿಯ ಬೊಂಡೈ ಪ್ರದೇಶದಲ್ಲಿ ಜಾಕಿ ಕರ್ಟಿಸ್ ಮತ್ತು ಸಂಗಡಿಗರು ಇನ್ನೊಂದು ತುದಿಯಿಂದ ಹೊರಟರು. ಈ ಕಾಯಿಲೆಯ ಔಷಧಗಳು ಹಸಿವನ್ನು ಕೆರಳಿಸಿ ತೂಕ ಏರಿಸುತ್ತವೆ, ಮುಂದೆ ಸಕ್ಕರೆ ಕಾಯಿಲೆ ಮತ್ತು ಹೃದ್ರೋಗಗಳ ಅಪಾಯವನ್ನೂ ಹೆಚ್ಚಿಸುತ್ತವೆ; ಈ ಕಾಯಿಲೆ ಉಳ್ಳವರ ಆಯುಸ್ಸು ಸರಾಸರಿ ಹತ್ತು ಹದಿನೈದು ವರ್ಷಗಳಷ್ಟಾದರೂ ಕಡಿಮೆ. ಔಷಧ ಆರಂಭಿಸಿದ ದಿನಗಳಿಂದಲೇ ಆಹಾರತಜ್ಞರು ಮತ್ತು ವ್ಯಾಯಾಮ ತಜ್ಞರು ಜೊತೆಗೂಡಿ 12 ವಾರ ದುಡಿದಾಗ, ಅಂಥ ನೆರವಿಲ್ಲದವರ ತೂಕ 7.8 ಕಿಲೋ ಏರಿದ್ದರೆ ನೆರವು ಪಡೆದವರ ತೂಕ ಏರಿದ್ದು 1.8 ಕಿಲೋ ಮಾತ್ರ. ಗುಂಪು ಚಿಕ್ಕದು, ಮೂವತ್ತು ಜನರೂ ಇರಲಿಲ್ಲ. ಆದರೂ ಇಪ್ಪತ್ತರ ಹರೆಯದವರಿಗೆ ಕನ್ನಡಿಯಲ್ಲಿ ತಮ್ಮ ಗುರುತೇ ಹತ್ತದಂತಾಗುವುದು ಔಷಧ ಬಿಡಲು ಎಂಥ ಕಾರಣವೆಂಬುದು ಆರೈಕೆ ಮಾಡಿದವರಿಗೆಲ್ಲ ಗೊತ್ತಿದೆ.

ಈ ನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಪರಿಸ್ಥಿತಿಗೆ ತನ್ನದೇ ಆದ ಬಿಕ್ಕಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ಅಧ್ಯಯನಗಳಲ್ಲಿ ಆಗ್ರಾ, ಚಂಡೀಗಢಗಳಂಥ ಕೇಂದ್ರಗಳ ರೋಗಿಗಳು ಶ್ರೀಮಂತ ದೇಶಗಳವರಿಗಿಂತ ಚೆನ್ನಾಗಿ ಚೇತರಿಸಿಕೊಂಡಿದ್ದರು, ಅದಕ್ಕೆ ಕುಟುಂಬದ ಆಸರೆಯನ್ನು ಕಾರಣವಾಗಿ ಕೊಡುವುದು ವಾಡಿಕೆ. ಆ ವಿವರಣೆಯ ಬಗ್ಗೆ ವಿದ್ವಾಂಸರಲ್ಲಿ ತಕರಾರುಗಳಿವೆ. ಅದನ್ನು ಒಪ್ಪಿದರೂ, ಅಜ್ಜಿ, ಚಿಕ್ಕಪ್ಪ, ಅತ್ತೆಯರಿದ್ದ ಮನೆ ಬೇರೆ, ತಂದೆ ತಾಯಿ ಇಬ್ಬರೂ ದುಡಿಯಲು ಹೋಗುವ ಸಿಡ್ನಿಯ ವೆಂಟ್‌ವರ್ತ್‌ವಿಲ್ ಅಥವಾ ಮೆಲ್ಬರ್ನಿನ ಪಾಯಿಂಟ್ ಕುಕ್‌ನ ಮನೆ ಬೇರೆ. ಕನ್ನಡ ಸಂಘದ ಯುಗಾದಿ ಊಟಕ್ಕೆ ಮಗ ಏಕೆ ಬರಲಿಲ್ಲ ಎಂದು ಯಾರಾದರೂ ಕೇಳಿದರೆ ಪರೀಕ್ಷೆಯಿದೆ ಎಂದು ಉತ್ತರ ಕೊಡುವ ತಾಯಿಯರು ಎಲ್ಲ ಊರುಗಳಲ್ಲೂ ಇದ್ದಾರೆ. ಮದುವೆಯಾದರೆ ಸರಿಹೋಗುತ್ತಾನೆ ಎಂಬ ನಂಬಿಕೆಯೂ ಒಂದು ಬಗೆಯ ಭರವಸೆಯೇ, ಆದರೆ ಅದರ ಬೆಲೆಯನ್ನು ಇನ್ನೊಂದು ಮನೆಯ ಹೆಣ್ಣುಮಗಳು ತೆರಬೇಕಾಗುತ್ತದೆ.

ಇದರ ಮೇಲೆ ಕಾನೂನಿನ ಭಾರವೂ ಉಂಟು. ಅಂಗವೈಕಲ್ಯದ ಪಿಂಚಣಿಗೆ ಸಾಮಾನ್ಯವಾಗಿ 10 ವರ್ಷಗಳ ವಾಸದ ಅರ್ಹತೆ ಬೇಕು, ಕಾಯಂ ನಿವಾಸಿಯಾದ ಮೇಲೆ ದುಡಿಯುವ ಶಕ್ತಿ ಕುಂದಿದವರಿಗೆ ವಿನಾಯಿತಿ ಇದೆ. ರಾಷ್ಟ್ರೀಯ ಅಂಗವೈಕಲ್ಯ ವಿಮಾ ಯೋಜನೆಯೂ ತಾತ್ಕಾಲಿಕ ವೀಸಾದವರಿಗೆ ದಕ್ಕುವುದಿಲ್ಲ. ಸ್ಕಿಜೋಫ್ರೇನಿಯಾ ತಲೆದೋರುವುದು ಹೆಚ್ಚಾಗಿ ಹದಿಹರೆಯದ ಕೊನೆಯಿಂದ ಮೂವತ್ತರೊಳಗೆ, ಎಂದರೆ ವಿದ್ಯಾರ್ಥಿ ವೀಸಾದ ವಯಸ್ಸಿನಲ್ಲಿಯೇ. ಅರ್ಜಿದಾರರ ಚಿಕಿತ್ಸೆಯ ಅಂದಾಜು ವೆಚ್ಚವು ಒಂದು ಮಿತಿಯನ್ನು ದಾಟಿದರೆ ವೀಸಾ ನಿರಾಕರಿಸಲು ಅವಕಾಶವಿದ್ದು, 2024ರ ಜುಲೈನಿಂದ ಆ ಮಿತಿ 86,000 ಡಾಲರ್ ಆಗಿದೆ. ಹೀಗಾಗಿ ಕಾಯಿಲೆಯನ್ನು ಮುಚ್ಚಿಡುವುದಕ್ಕೆ ನಾಚಿಕೆಯೊಂದೇ ಕಾರಣವೆಂದು ಕುಟುಂಬಗಳನ್ನು ಗದರುವುದು ನ್ಯಾಯವಲ್ಲ. ಹೇಳಿದರೆ ಏನಾದೀತು ಎಂಬ ಲೆಕ್ಕಾಚಾರವೂ ಅದರಲ್ಲಿದೆ, ಮುಚ್ಚಿಟ್ಟಷ್ಟೂ ಚಿಕಿತ್ಸೆ ತಡವಾಗುತ್ತದೆ, ತಡವಾದಷ್ಟೂ ಚೇತರಿಕೆ ಕಠಿಣವಾಗುತ್ತದೆ.

ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಮಾನಸಿಕ ಆರೋಗ್ಯ ವ್ಯವಸ್ಥೆಯನ್ನು ಕುರಿತ ರಾಯಲ್ ಕಮಿಷನ್‌ನ, 2021ರ ಮಾರ್ಚಿನಲ್ಲಿ ಮಂಡನೆಯಾದ ಅಂತಿಮ ವರದಿಯ 65 ಶಿಫಾರಸುಗಳಲ್ಲಿ ಮಾನಸಿಕ ಕಾಯಿಲೆಯುಳ್ಳ ವಯಸ್ಕರಿಗಾಗಿ ನೆರವುಸಹಿತವಾದ 2,000 ಮನೆಗಳ ಬೇಡಿಕೆಯೂ ಇತ್ತು. ಆರೋಗ್ಯ ವ್ಯವಸ್ಥೆಯ ವರದಿಯೊಂದು ಇಟ್ಟಿಗೆ ಗಾರೆಯ ಮಾತಾಡಿದ್ದು ಸರಿಯಾದ ದಿಕ್ಕು. ಈ ಸಂಕಿರಣದಲ್ಲಿ ಮಂಡನೆಯಾಗುವ ಪ್ರಬಂಧಗಳಲ್ಲಿ ಮಾಪಕಗಳೂ ಅಂಕಗಳೂ ಸಹಜವಾಗಿಯೇ ಹೇರಳವಾಗಿರುತ್ತವೆ. ಆದರೆ ಪ್ರಶ್ನಾವಳಿಯಲ್ಲಿ ಖರ್ಚಿಗೆ ಹಣ ಏನೇನೂ ಸಾಲದು ಎಂದು ಗುರುತು ಹಾಕಿದವರಿಗೆ ಅಂದೇ ಪಕ್ಕದಲ್ಲಿ ಕುಳಿತು ಪಿಂಚಣಿಯ ಅರ್ಜಿ ತುಂಬಿಸಿಕೊಡುವವರು, ಬೇಕಾದರೆ ಕನ್ನಡದಲ್ಲಿಯೇ ವಿವರಿಸಬಲ್ಲವರು, ಆ ಚಿಕಿತ್ಸಾಲಯದಲ್ಲಿ ಇದ್ದಾರೆಯೇ, ಇಲ್ಲವಾದರೆ ಆ ಪ್ರಶ್ನೆಯನ್ನು ಕೇಳಿದ್ದೇಕೆ ಎಂಬುದನ್ನು ಮೊದಲ ಗೋಷ್ಠಿಯೇ ಕೈಗೆತ್ತಿಕೊಳ್ಳುವುದು ಒಳಿತು.