ಮಣ್ಣಿನ ಜೀವಿ ಕಟ್ಟುವ ಮದ್ದು: ಎರಿಥ್ರೊಮೈಸಿನ್ ಕಲಿಸಿದ ಪಾಠ



ಗಂಟಲು ನೋವು, ಎದೆಯ ಕಫ, ಚರ್ಮದ ಸೋಂಕು ಎಂದು ವೈದ್ಯರ ಬಳಿ ಹೋದ ನಮ್ಮಲ್ಲಿ ಅನೇಕರು ಎರಿಥ್ರೊಮೈಸಿನ್ ಮಾತ್ರೆಯನ್ನೋ ಅದರಿಂದಲೇ ಹುಟ್ಟಿದ ಅಜಿಥ್ರೊಮೈಸಿನ್ ಮಾತ್ರೆಯನ್ನೋ ನುಂಗಿದ್ದೇವೆ. ಆ ಅಣುವನ್ನು ಮೊದಲು ಕಟ್ಟಿದ್ದು ಮನುಷ್ಯನಲ್ಲ, ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯ. ಹೇಗೆ ಕಟ್ಟಿತು ಎಂಬುದು ಈ ದತ್ತಿ ಉಪನ್ಯಾಸದ ವಿಷಯ. ಆ ವಿಧಾನ ಬ್ಯಾಕ್ಟೀರಿಯದ ಜೀನುಗಳಲ್ಲಿ ಸಾಲಾಗಿ ಬರೆದಿದೆ, ಅದನ್ನು ಓದಲು ಬರುತ್ತದೆ, ಓದುವ ಕೆಲಸದಲ್ಲಿ ನಮ್ಮ ಕಾಲೇಜುಗಳೂ ಸೇರಬೇಕು. ನಾನು ಹೇಳಬೇಕಾದದ್ದು ಇಷ್ಟೇ.

1. ಮಣ್ಣಿನೊಳಗಿನ ರಸಾಯನಜ್ಞರು

ಮೊದಲ ಮಳೆಗೆ ನೆಲದಿಂದ ಏಳುವ ವಾಸನೆಗೆ ಮುಖ್ಯ ಕಾರಣ ಜಿಯೊಸ್ಮಿನ್ ಎಂಬ ಪುಟ್ಟ ಅಣು. ಅದನ್ನು ತಯಾರಿಸುವವರಲ್ಲಿ ಪ್ರಮುಖರು ಸ್ಟ್ರೆಪ್ಟೊಮೈಸಿಸ್ ಕುಲದ ಬ್ಯಾಕ್ಟೀರಿಯಗಳು. ಇವು ಬ್ಯಾಕ್ಟೀರಿಯಗಳೇ ಆದರೂ ಬೂಷ್ಟಿನಂತೆ ಎಳೆ ಎಳೆಯಾಗಿ ಹರಡುತ್ತವೆ. ಆಹಾರ ಮುಗಿಯುತ್ತ ಬಂದಾಗ ಎಳೆಗಳು ಮೇಲಕ್ಕೆದ್ದು ಬೀಜಕಗಳಾಗುತ್ತವೆ. ಸಾಮಾನ್ಯವಾಗಿ ಈ ಬದಲಾವಣೆಯ ಹೊತ್ತಿನಲ್ಲೇ ಬೆಳವಣಿಗೆಗೆ ನೇರವಾಗಿ ಬೇಕಿಲ್ಲದ, ಆದರೆ ಸುತ್ತಲಿನ ಜೀವಿಗಳ ಮೇಲೆ ಪ್ರಭಾವ ಬೀರುವ ಅಣುಗಳ ತಯಾರಿಕೆ ಶುರುವಾಗುತ್ತದೆ. ಇವನ್ನು ದ್ವಿತೀಯಕ ಚಯಾಪಚಯಜಗಳು ಎನ್ನುತ್ತಾರೆ.

1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಜ್ ಇಂಥದ್ದೇ ಜೀವಿಯಿಂದ ಸ್ಟ್ರೆಪ್ಟೊಮೈಸಿನ್ ತೆಗೆದರು. ಕ್ಷಯಕ್ಕೆ ಮದ್ದು ಸಿಕ್ಕಿತು. ಅಲ್ಲಿಂದ ಮುಂದೆ ಜಗತ್ತಿನ ಮೂಲೆಮೂಲೆಯ ಮಣ್ಣು ಔಷಧ ಕಂಪನಿಗಳಿಗೆ ಹೋಯಿತು. 1949ರಲ್ಲಿ ಫಿಲಿಪ್ಪೀನ್ಸಿನ ವೈದ್ಯ ಅಬೆಲಾರ್ಡೊ ಅಗಿಲಾರ್ ಇಲೋಯಿಲೊ ಪ್ರದೇಶದ ಮಣ್ಣನ್ನು ತಾವು ಕೆಲಸ ಮಾಡುತ್ತಿದ್ದ ಎಲೈ ಲಿಲ್ಲಿ ಕಂಪನಿಗೆ ಕಳುಹಿಸಿದರು. ಆ ಮಣ್ಣಿನ ಬ್ಯಾಕ್ಟೀರಿಯದಿಂದ ಬಂದದ್ದು ಎರಿಥ್ರೊಮೈಸಿನ್. 1952ರಲ್ಲಿ ಅದು ಬಳಕೆಗೆ ಬಂತು. ಆ ಬ್ಯಾಕ್ಟೀರಿಯದ ಈಗಿನ ಹೆಸರು ಸ್ಯಾಕರೊಪಾಲಿಸ್ಪೋರ ಎರಿಥ್ರಿಯ.

ಈ ಹುಡುಕಾಟದಲ್ಲಿ ನಮ್ಮ ನಾಡಿನವರೂ ಇದ್ದರು. ಮಂಡಯಂ ಜೀರ್‌ಸನ್ನಿಧಿ ತಿರುಮಲಾಚಾರ್ ಶಿಲೀಂಧ್ರಗಳ ದೊಡ್ಡ ವಿದ್ವಾಂಸರು. ಪುಣೆಯ ಬಳಿಯ ಪಿಂಪ್ರಿಯಲ್ಲಿ, ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಅವರೂ ಅವರ ಸಂಗಡಿಗರೂ ಒಂದು ಸ್ಟ್ರೆಪ್ಟೊಮೈಸಿಸ್‌ನಿಂದ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕವನ್ನು ಕಂಡುಹಿಡಿದರು. ಭಾರತದ ಮಣ್ಣಿನಿಂದ ಭಾರತದಲ್ಲೇ ಸಿದ್ಧವಾದ ಮದ್ದು ಅದು. ನಮ್ಮ ವಿದ್ಯಾರ್ಥಿಗಳು ಈ ಹೆಸರನ್ನು ತಿಳಿದಿರಬೇಕು.

2. ರಸಾಯನಶಾಸ್ತ್ರಕ್ಕೆ ಸವಾಲಾದ ಅಣು

ಎರಿಥ್ರೊಮೈಸಿನ್ನಿನ ನಡುವೆ 13 ಇಂಗಾಲ ಮತ್ತು 1 ಆಮ್ಲಜನಕ ಪರಮಾಣುಗಳ ಒಂದು ದೊಡ್ಡ ಉಂಗುರವಿದೆ. ಅದಕ್ಕೆ ಎರಡು ಅಪರೂಪದ ಸಕ್ಕರೆಗಳು ಅಂಟಿಕೊಂಡಿವೆ. ಇಡೀ ಅಣುವಿನಲ್ಲಿ 18 ಕಡೆ ಪರಮಾಣುಗಳ ಜೋಡಣೆ ಎಡಗೈಯಂತೆಯೂ ಇರಬಹುದು, ಬಲಗೈಯಂತೆಯೂ ಇರಬಹುದು. ಲೆಕ್ಕ ಹಾಕಿದರೆ 2,62,144 ಸಾಧ್ಯತೆಗಳು. ಬ್ಯಾಕ್ಟೀರಿಯ ಅವುಗಳಲ್ಲಿ ಒಂದನ್ನೇ ಕಟ್ಟುತ್ತದೆ.

20ನೇ ಶತಮಾನದ ಶ್ರೇಷ್ಠ ಸಾವಯವ ರಸಾಯನಜ್ಞರಲ್ಲಿ ಒಬ್ಬರಾದ ರಾಬರ್ಟ್ ವುಡ್‌ವರ್ಡ್ ಈ ಅಣುವನ್ನು ಪ್ರಯೋಗಾಲಯದಲ್ಲಿ ಕಟ್ಟಲು ಹೊರಟರು. ಹತ್ತಾರು ಸಹೋದ್ಯೋಗಿಗಳು ದುಡಿದರು. 1979ರಲ್ಲಿ ವುಡ್‌ವರ್ಡ್ ತೀರಿಕೊಂಡರು. ಕೆಲಸ ಮುಗಿದು ಪ್ರಕಟವಾದದ್ದು 1981ರಲ್ಲಿ. ಬ್ಯಾಕ್ಟೀರಿಯವಾದರೋ ಇದನ್ನು ನೀರಿನಲ್ಲೇ, ನಮ್ಮ ಕೋಣೆಯ ಶಾಖದ ಆಸುಪಾಸಿನಲ್ಲೇ ಮಾಡಿ ಮುಗಿಸುತ್ತದೆ.

3. ಜೀನಿನ ಸಾಲೇ ಕೆಲಸದ ಸಾಲು

1990ರ ಸುಮಾರಿಗೆ ಕೇಂಬ್ರಿಜ್‌ನಲ್ಲಿ ಪೀಟರ್ ಲೆಡ್ಲಿ ಅವರ ಗುಂಪು, ಅಬಾಟ್ ಕಂಪನಿಯಲ್ಲಿ ಲೆನರ್ಡ್ ಕಾಟ್ಜ್ ಅವರ ಗುಂಪು ಬೇರೆ ಬೇರೆಯಾಗಿ ಈ ಗುಟ್ಟನ್ನು ಬಿಡಿಸಿದವು. ಉಂಗುರವನ್ನು ಕಟ್ಟುವುದು ಮೂರು ದೈತ್ಯ ಪ್ರೋಟೀನ್‌ಗಳು. ನಮ್ಮ ರಕ್ತದ ಹಿಮೊಗ್ಲೋಬಿನ್ನಿನ ಒಂದು ಸರಪಳಿಯಲ್ಲಿ 150ಕ್ಕಿಂತ ಕಡಿಮೆ ಅಮೈನೋ ಆಮ್ಲಗಳಿದ್ದರೆ, ಈ ಮೂರರಲ್ಲಿ ಒಂದೊಂದರಲ್ಲೂ 3,000ಕ್ಕೂ ಹೆಚ್ಚು ಇವೆ. ಪ್ರತಿ ಪ್ರೋಟೀನಿನಲ್ಲಿ ಎರಡೆರಡು ಘಟಕಗಳು, ಒಟ್ಟು ಆರು. ಇಂಥ ಕಿಣ್ವ ವ್ಯವಸ್ಥೆಗೆ ಪಾಲಿಕೀಟೈಡ್ ಸಿಂಥೇಸ್ ಎಂದು ಹೆಸರು.

ಆರು ಜನ ಸಾಲಾಗಿ ಕುಳಿತು ಒಂದೇ ಹೂಮಾಲೆ ಕಟ್ಟುತ್ತಿದ್ದಾರೆ ಎಂದುಕೊಳ್ಳಿ. ಒಬ್ಬೊಬ್ಬರೂ ಒಂದೊಂದು ಹೂವು ಸೇರಿಸಿ ದಾರವನ್ನು ಪಕ್ಕದವರ ಕೈಗೆ ದಾಟಿಸುತ್ತಾರೆ. ಕೊನೆಯವರು ಕಟ್ಟಿದ ಮೇಲೆ ಎರಡು ತುದಿಗಳನ್ನು ಗಂಟು ಹಾಕಿದರೆ ಮಾಲೆ ದುಂಡಗಾಗುತ್ತದೆ. ಇಲ್ಲಿ ಹೂವಿನ ಜಾಗದಲ್ಲಿರುವುದು ಮೂರು ಇಂಗಾಲಗಳ ಪುಟ್ಟ ತುಂಡು. ಮೊದಲಿಗೆ ಒಂದು ಪ್ರೊಪಿಯೊನೈಲ್ ತುಂಡು ಬಂದು ಕೂರುತ್ತದೆ. ಬಳಿಕ ಆರು ಘಟಕಗಳು ಆರು ಮಿಥೈಲ್‌ಮ್ಯಾಲೊನೈಲ್ ತುಂಡುಗಳನ್ನು ಸೇರಿಸುತ್ತವೆ. ಸೇರುವಾಗ ಪ್ರತಿ ತುಂಡೂ ಒಂದು ಇಂಗಾಲದ ಡೈಆಕ್ಸೈಡ್ ಬಿಟ್ಟು ಮೂರು ಇಂಗಾಲಗಳನ್ನು ಕೊಡುತ್ತದೆ. ಹೀಗೆ ಏಳು ತುಂಡುಗಳಿಂದ 21 ಇಂಗಾಲಗಳು.

ಒಂದು ಘಟಕದ ಒಳಗೂ ಕೆಲಸ ಹಂಚಿಕೆಯಾಗಿದೆ. ಒಂದು ಭಾಗ ಸರಿಯಾದ ತುಂಡನ್ನು ಆರಿಸುತ್ತದೆ. ಇನ್ನೊಂದು ಅದನ್ನು ಬೆಳೆಯುತ್ತಿರುವ ಸರಪಳಿಗೆ ಬೆಸೆಯುತ್ತದೆ. ಮೂರನೆಯದು ಸರಪಳಿಯನ್ನು ಹಿಡಿದುಕೊಂಡಿರುತ್ತದೆ. ಹಾಗೆ ಹಿಡಿಯುವ ಉದ್ದನೆಯ ತೋಳು ಪ್ಯಾಂಟೊಥೆನಿಕ್ ಆಮ್ಲದಿಂದ, ಅಂದರೆ ಬಿ5 ಜೀವಸತ್ವದಿಂದ ಆದದ್ದು. ಇವು ಎಲ್ಲ ಘಟಕಗಳಲ್ಲೂ ಇರಲೇಬೇಕು. ಇವುಗಳ ಮೇಲೆ ಹೊಸದಾಗಿ ಸೇರಿದ ಜಾಗವನ್ನು ತಿದ್ದುವ ಭಾಗಗಳಿವೆ. ಮೂರನೆಯ ಘಟಕದಲ್ಲಿ ತಿದ್ದುವ ಕೆಲಸವೇ ನಡೆಯುವುದಿಲ್ಲ, ಆದ್ದರಿಂದ ಅಲ್ಲಿ ಕೀಟೋನ್ ಹಾಗೆಯೇ ಉಳಿಯುತ್ತದೆ. ನಾಲ್ಕನೆಯದರಲ್ಲಿ ಮೂರು ಹಂತದ ತಿದ್ದುಪಡಿ ನಡೆದು ಆಮ್ಲಜನಕವೇ ಹೊರಟುಹೋಗುತ್ತದೆ. ಉಳಿದ ನಾಲ್ಕು ಘಟಕಗಳಲ್ಲಿ ಒಂದೇ ಹಂತದ ತಿದ್ದುಪಡಿ, ಅಲ್ಲಿ ಹೈಡ್ರಾಕ್ಸಿಲ್ ಗುಂಪು ನಿಲ್ಲುತ್ತದೆ.

ಡಿಎನ್‌ಎಯಲ್ಲಿ ಘಟಕಗಳು ಯಾವ ಅನುಕ್ರಮದಲ್ಲಿ ಬರೆದಿವೆಯೋ ಅಣು ಬೆಳೆಯುವುದೂ ಅದೇ ಅನುಕ್ರಮದಲ್ಲಿ. ಜೀನನ್ನು ಓದಿದರೆ ಅಣುವಿನ ಅಸ್ಥಿಪಂಜರವನ್ನು ಬಹುಮಟ್ಟಿಗೆ ಊಹಿಸಬಹುದು. ಇದು ಬರಿಯ ತರ್ಕವಲ್ಲ, ಪ್ರಯೋಗದಲ್ಲಿ ಸಾಬೀತಾದದ್ದು. 1991ರಲ್ಲಿ ಕಾಟ್ಜ್ ಅವರ ಗುಂಪು ಐದನೆಯ ಘಟಕದ ತಿದ್ದುವ ಭಾಗವನ್ನು ಕೆಡಿಸಿದಾಗ ಉಂಗುರದ ಅದೇ ಜಾಗದಲ್ಲಿ ಹೈಡ್ರಾಕ್ಸಿಲ್ ಬದಲು ಕೀಟೋನ್ ಉಳಿಯಿತು. 1995ರಲ್ಲಿ ಲೆಡ್ಲಿ ಅವರ ಗುಂಪು ಕೊನೆಯ ಗಂಟು ಹಾಕುವ ಭಾಗವನ್ನು ತಂದು ಎರಡನೆಯ ಘಟಕದ ಪಕ್ಕಕ್ಕೆ ಜೋಡಿಸಿತು. ಸರಪಳಿ ಅಲ್ಲಿಯೇ ಮುಗಿದು ಪುಟ್ಟ ಉಂಗುರವಾಯಿತು.

ದೊಡ್ಡ ಉಂಗುರ ಸಿದ್ಧವಾದ ಮೇಲೆ ಬೇರೆ ಕಿಣ್ವಗಳು ಬರುತ್ತವೆ. ಎರಡು ಜಾಗಗಳಲ್ಲಿ ಆಮ್ಲಜನಕ ಸೇರುತ್ತದೆ, ಮೈಕರೋಸ್ ಮತ್ತು ಡೆಸೊಸಮೀನ್ ಸಕ್ಕರೆಗಳು ಅಂಟುತ್ತವೆ, ಕೊನೆಗೊಂದು ಮಿಥೈಲ್ ಗುಂಪು ಕೂಡುತ್ತದೆ. ಸಕ್ಕರೆಗಳಿಲ್ಲದ ಉಂಗುರ ರೋಗಾಣುವನ್ನು ತಡೆಯಲಾರದು.

4. ತನ್ನ ಮದ್ದು ತನಗೆ ತಾಗದಂತೆ

ಎರಿಥ್ರೊಮೈಸಿನ್ ರೋಗಾಣುವಿನ ರೈಬೋಸೋಮಿಗೆ, ಹೊಸ ಪ್ರೋಟೀನ್ ಹೊರಬರುವ ಸುರಂಗದ ಬಾಯಿಯ ಬಳಿ ಹೋಗಿ ಅಂಟುತ್ತದೆ. ಪ್ರೋಟೀನ್ ಬೆಳೆಯುವುದು ನಿಲ್ಲುತ್ತದೆ. ಆದರೆ ಮದ್ದು ಕಟ್ಟುವ ಬ್ಯಾಕ್ಟೀರಿಯಕ್ಕೂ ರೈಬೋಸೋಮ್ ಇದೆಯಲ್ಲ? ಅದು ತನ್ನ ರೈಬೋಸೋಮಿನ ಆರ್‌ಎನ್‌ಎ ಮೇಲೆ, ಮದ್ದು ಅಂಟುವ ಜಾಗದಲ್ಲೇ ಮಿಥೈಲ್ ಗುಂಪು ಕೂರಿಸಿಕೊಂಡು ಪಾರಾಗುತ್ತದೆ. ಆ ರಕ್ಷಣೆಯ ಜೀನು ಮದ್ದಿನ ಜೀನುಗಳ ಗುಚ್ಛದಲ್ಲೇ ಇದೆ.

ಇಲ್ಲಿ ನಮಗೆ ಎಚ್ಚರಿಕೆಯೂ ಇದೆ. ಇದೇ ಬಗೆಯ ರಕ್ಷಣೆಯ ಜೀನುಗಳು ಸ್ಟ್ಯಾಫಿಲೊಕಾಕಸ್‌ನಂಥ ರೋಗಾಣುಗಳಲ್ಲೂ ಇವೆ. ನಾವು ಬೇಡದ ಕಡೆ ಮಾತ್ರೆ ನುಂಗಿದಷ್ಟೂ ಅಂಥ ಜೀನು ಹೊತ್ತ ರೋಗಾಣುಗಳೇ ಉಳಿದು ಹೆಚ್ಚುತ್ತವೆ. ವೈರಸ್ಸಿನಿಂದ ಬರುವ ನೆಗಡಿಗೆ ಅಂಗಡಿಯಿಂದ ನೇರವಾಗಿ ಅಜಿಥ್ರೊಮೈಸಿನ್ ತಂದು ನುಂಗುವುದು ಒಂದು ಅಮೂಲ್ಯ ಮದ್ದನ್ನು ನಾವೇ ಕೈಯಾರೆ ಕೊಲ್ಲುವ ಕೆಲಸ.

5. ಇನ್ನೂ ಓದದ ಗುಚ್ಛಗಳು

2001ರಲ್ಲಿ ಸ್ಟ್ಯಾನ್‌ಫರ್ಡ್‌ನ ಚೈತನ್ ಖೋಸ್ಲಾ, ಬ್ರೌನ್ ವಿಶ್ವವಿದ್ಯಾಲಯದ ಡೇವಿಡ್ ಕೇನ್ ಮತ್ತು ಸಂಗಡಿಗರು ಈ ಮೂರು ದೈತ್ಯ ಪ್ರೋಟೀನ್‌ಗಳ ಜೀನುಗಳನ್ನು ಇ. ಕೋಲೈ ಬ್ಯಾಕ್ಟೀರಿಯಕ್ಕೆ ಸೇರಿಸಿ ಅದರಿಂದಲೇ ಎರಿಥ್ರೊಮೈಸಿನ್ನಿನ ಉಂಗುರವನ್ನು ಕಟ್ಟಿಸಿದರು. ಮುಂಬೈಯ ಐಐಟಿಯಲ್ಲಿ ಓದಿದ ಖೋಸ್ಲಾ ಅವರು ಕೆಮಿಕಲ್ ಎಂಜಿನಿಯರಿಂಗ್ ಕಲಿತವರು ಎಂಬುದನ್ನು ಗಮನಿಸಿ. ಈ ವಿಷಯಕ್ಕೆ ರಸಾಯನಶಾಸ್ತ್ರವೂ ಬೇಕು, ಜೀವಶಾಸ್ತ್ರವೂ ಬೇಕು.

ಮರುವರ್ಷವೇ ಸ್ಟ್ರೆಪ್ಟೊಮೈಸಿಸ್ ಸೀಲಿಕಲರ್ ಜೀವಿಯ ಪೂರ್ಣ ಜೀನೋಮ್ ಪ್ರಕಟವಾಯಿತು. ಅದರಲ್ಲಿ ಅಂದಾಜು ಮಾಡಿದ ಜೀನುಗಳು 7,825. ದಶಕಗಳ ಕಾಲ ಅಧ್ಯಯನ ಮಾಡಿದ ಆ ಜೀವಿಯಿಂದ ಬೆರಳೆಣಿಕೆಯ ದ್ವಿತೀಯಕ ಚಯಾಪಚಯಜಗಳಷ್ಟೇ ಗೊತ್ತಿದ್ದವು. ಜೀನೋಮಿನಲ್ಲಿ ನೋಡಿದರೆ ಅವುಗಳನ್ನು ಕಟ್ಟುವ ಗುಚ್ಛಗಳು 20ಕ್ಕೂ ಹೆಚ್ಚು! ಪ್ರಯೋಗಾಲಯದ ತಟ್ಟೆಯಲ್ಲಿ ಅವುಗಳಲ್ಲಿ ಬಹಳಷ್ಟು ಸುಮ್ಮನಿರುತ್ತವೆ. ಮಣ್ಣಿನಲ್ಲಿ ಸಿಗುವ ಪ್ರಚೋದನೆ ಅಲ್ಲಿ ಸಿಗುವುದಿಲ್ಲ.

ತಟ್ಟೆಯಲ್ಲಿ ಬೆಳೆಯಲೇ ಒಪ್ಪದ ಜೀವಿಗಳೂ ಅಪಾರ. 2015ರಲ್ಲಿ ಬಾಸ್ಟನ್ನಿನ ಕಿಮ್ ಲೂಯಿಸ್ ಮತ್ತು ಸಂಗಡಿಗರು ಅಂಥ ಜೀವಿಗಳನ್ನು ಮಣ್ಣಿನೊಳಗೇ ಪುಟ್ಟ ಗೂಡುಗಳಲ್ಲಿಟ್ಟು ಬೆಳೆಸಿ, ಟೀಕ್ಸೊಬ್ಯಾಕ್ಟಿನ್ ಎಂಬ ಹೊಸ ಆಂಟಿಬಯಾಟಿಕ್ ಸಿಕ್ಕಿತೆಂದು ವರದಿ ಮಾಡಿದರು. ಅದನ್ನು ಕಟ್ಟುವುದೂ ಘಟಕಗಳ ಸಾಲೇ, ಆದರೆ ಅಲ್ಲಿ ಜೋಡಿಸುವುದು ಅಮೈನೋ ಆಮ್ಲಗಳನ್ನು. ಪೆನಿಸಿಲಿನ್ನಿನ ಮೊದಲ ಹೆಜ್ಜೆಯಲ್ಲಿ ಮೂರು ಅಮೈನೋ ಆಮ್ಲಗಳನ್ನು ಕೂಡಿಸುವುದೂ ಇದೇ ಬಗೆಯ ಕಿಣ್ವ.

6. ನಮ್ಮ ಪಾಲಿನ ಕೆಲಸ

ಮಲೆನಾಡಿನ ಕಾಡು, ಕರಾವಳಿಯ ಕಾಂಡ್ಲ ಕಾಡಿನ ಕೆಸರು, ಬಯಲುಸೀಮೆಯ ಕಪ್ಪುಮಣ್ಣು, ಹೀಗೆ ನೆಲದ ಬಗೆ ಬಗೆಯೂ ನಮ್ಮಲ್ಲಿದೆ. ಸೂಕ್ಷ್ಮಜೀವಿಯಿಂದ ಮದ್ದು ತೆಗೆಯುವ ಉದ್ಯಮವೂ ನಮ್ಮಲ್ಲೇ ಬೆಳೆದಿದೆ. ಆಸ್ಪರ್ಜಿಲಸ್ ಟೆರಿಯಸ್ ಎಂಬ ಬೂಷ್ಟು ಕಟ್ಟುವ ಲೊವಸ್ಟ್ಯಾಟಿನ್ ಕೊಲೆಸ್ಟರಾಲ್ ಇಳಿಸುವ ಮದ್ದು. ಅದನ್ನು ತಯಾರಿಸಲು ಬೆಂಗಳೂರಿನ ಬಯೋಕಾನ್ ಕಂಪನಿ 2001ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಪಡೆಯಿತು. ಮಣ್ಣಿನ ಸಂಪತ್ತಿನ ಲಾಭದಲ್ಲಿ ಆ ನೆಲದವರಿಗೆ ಪಾಲು ಸಿಗಬೇಕು ಎಂಬ ತತ್ವ ನಮ್ಮ 2002ರ ಜೈವಿಕ ವೈವಿಧ್ಯ ಕಾಯಿದೆಯಲ್ಲೂ 2010ರ ನಗೋಯಾ ಒಪ್ಪಂದದಲ್ಲೂ ಇದೆ. ಆದರೆ ನಮ್ಮಲ್ಲಿ ಏನಿದೆ ಎಂದು ನಮಗೇ ಗೊತ್ತಿಲ್ಲದಿದ್ದರೆ ಪಾಲು ಕೇಳುವುದಾದರೂ ಹೇಗೆ?

ಆದ್ದರಿಂದ ಅಧ್ಯಾಪಕರಲ್ಲಿ ನನ್ನ ವಿನಂತಿ ಇದು. ಪ್ರತಿ ವರ್ಷ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆಂದು ಮಣ್ಣಿನಿಂದ ಬ್ಯಾಕ್ಟೀರಿಯ ಬೇರ್ಪಡಿಸುತ್ತಾರೆ, ಅಂಕ ಬಂದ ಮೇಲೆ ತಟ್ಟೆಗಳು ಆಟೋಕ್ಲೇವಿಗೆ ಹೋಗುತ್ತವೆ. ಆ ಬ್ಯಾಕ್ಟೀರಿಯಗಳನ್ನು ಕಳೆಯಬೇಡಿ. ಎಲ್ಲಿಯ ಮಣ್ಣು, ಯಾವ ಋತು, ಯಾವ ಬೆಳೆ ಎಂದು ಬರೆದು, ಗ್ಲಿಸರಾಲಿನಲ್ಲಿಟ್ಟು ಶೈತ್ಯದಲ್ಲಿ ಉಳಿಸಿ. ಒಳ್ಳೆಯವನ್ನು ಚಂಡೀಗಢದ ಸೂಕ್ಷ್ಮಜೀವಿ ಸಂಗ್ರಹಾಲಯಕ್ಕೆ ಕಳುಹಿಸಿ. ಜೀನೋಮ್ ಓದುವ ಖರ್ಚು ತುಂಬ ಇಳಿದಿದೆ. ಅದರಲ್ಲಿ ಇಂಥ ಗುಚ್ಛಗಳನ್ನು ಹುಡುಕಿಕೊಡುವ ಆಂಟಿಸ್ಮ್ಯಾಶ್ ಎಂಬ ತಂತ್ರಾಂಶ ಎಲ್ಲರಿಗೂ ಉಚಿತ. ರಸಾಯನಶಾಸ್ತ್ರ ವಿಭಾಗದವರೂ ಸೂಕ್ಷ್ಮಜೀವಶಾಸ್ತ್ರ ವಿಭಾಗದವರೂ ಒಂದೇ ಮೇಜಿನಲ್ಲಿ ಕುಳಿತು ಒಂದು ಗುಚ್ಛವನ್ನಾದರೂ ವಿದ್ಯಾರ್ಥಿಗಳಿಂದ ಓದಿಸಿ. ವಿದ್ಯಾರ್ಥಿಗಳೇ, ನಿಮ್ಮ ಊರಿನ ಮಣ್ಣಿನ ಒಂದು ಜೀವಿಯನ್ನಾದರೂ ಹೆಸರು ಹಿಡಿದು ಬಲ್ಲವರಾಗಿ. ಈ ದತ್ತಿ ಸಾರ್ಥಕವಾಗುವುದು ಆ ಕೆಲಸದಿಂದ.