ಕಾಲ ಕೆಳಗಿನ ಬಂಡೆ, ಕೊಡದೊಳಗಿನ ನೀರು



ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡನ ಗೋಪುರವನ್ನು ಹೊತ್ತು ನಿಂತಿರುವ ಬಂಡೆಯನ್ನು ತಮ್ಮಲ್ಲಿ ಬಹುಮಂದಿ ಕಂಡಿರಬಹುದು. ಅದರ ವಯಸ್ಸು ಸುಮಾರು 300 ಕೋಟಿ ವರ್ಷಗಳೆಂದು ಭೂವಿಜ್ಞಾನಿಗಳು ನಿರ್ಣಯಿಸಿದ್ದಾರೆ. ಹಿಮಾಲಯವು ಅದರ ಮುಂದೆ ನಿನ್ನೆ ಹುಟ್ಟಿದ ಕೂಸು. ಮೈಸೂರು ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ ಎಂಬವರು 1916ರಲ್ಲಿ ಈ ಜಾತಿಯ ಶಿಲೆಗೆ ‘ಪೆನಿನ್ಸುಲರ್ ನೈಸ್’ ಎಂದು ಹೆಸರಿಟ್ಟರು. ನಮ್ಮ ನಾಡಿನ ಬಹುಭಾಗಕ್ಕೆ ಇದೇ ತಳಹದಿ. ಈ ಬಂಡೆಗೂ ನಮ್ಮ ಮನೆಯ ನೀರಿನ ಕೊಡಕ್ಕೂ ಇರುವ ಸಂಬಂಧವನ್ನು ಈ ಹೊತ್ತು ತಮ್ಮಲ್ಲಿ ಬಿನ್ನವಿಸಬೇಕೆಂದಿದ್ದೇನೆ.

ನಾವು ನಿಂತ ನೆಲದಿಂದ ಭೂಮಿಯ ಕೇಂದ್ರಕ್ಕೆ ಸುಮಾರು 3,960 ಮೈಲಿ. ಮನುಷ್ಯನು ಕೊರೆದ ಅತ್ಯಂತ ಆಳದ ರಂಧ್ರಗಳಲ್ಲೊಂದು ರಷ್ಯದ ಕೋಲಾ ಪ್ರಾಂತದ್ದು. 1989ರಲ್ಲಿ ಅದು ಮುಟ್ಟಿದ ಆಳ ಸುಮಾರು 40,230 ಅಡಿ, ಎಂದರೆ 8 ಮೈಲಿಗೂ ಕಡಮೆ. ಹಾಗಾದರೆ ಅದರ ಕೆಳಗಿನ ಸಂಗತಿ ತಿಳಿಯುವುದೆಂತು? ತೆಂಗಿನಕಾಯಿಯನ್ನು ಕೊಳ್ಳುವಾಗ ನಾವು ಅದನ್ನು ಒಡೆದು ನೋಡುವುದಿಲ್ಲ. ಬೆರಳಿನಿಂದ ತಟ್ಟಿ ಸದ್ದನ್ನು ಕೇಳುತ್ತೇವೆ. ಭೂಮಿಯನ್ನು ಹೀಗೆ ತಟ್ಟುವ ಬೆರಳು ಭೂಕಂಪ. ಅದರ ಅಲೆಗಳು ಎಲ್ಲಿ ವೇಗವಾಗಿ ಓಡುತ್ತವೆ, ಎಲ್ಲಿ ಬಾಗುತ್ತವೆ ಎಂಬುದನ್ನು ಅಳೆದು ಒಳಗಿನ ಪದರಗಳನ್ನು ಊಹಿಸಬಹುದು. ಭಾರತದ ಭೂವಿಜ್ಞಾನ ಇಲಾಖೆಯಲ್ಲಿ ದುಡಿದಿದ್ದ ಓಲ್ಡ್‌ಹ್ಯಾಂ ಎಂಬವರು 1906ರಲ್ಲಿ ಭೂಮಿಗೆ ಬೇರೊಂದು ತಿರುಳುಂಟೆಂದು ಇದೇ ಮಾರ್ಗದಿಂದ ತೋರಿಸಿದರು. ಆ ತಿರುಳಿನ ನಡುವೆ ಮತ್ತೊಂದು ತಿರುಳಿದೆಯೆಂದು 1936ರಲ್ಲಿ ಡೆನ್ಮಾರ್ಕಿನ ಇಂಗೆ ಲೇಮಾನ್ ಎಂಬ ವಿದುಷಿ ಸಾಧಿಸಿದರು.

ತಿರುಳಿನ ಮೇಲೆ ಸುಮಾರು 1,800 ಮೈಲಿ ದಪ್ಪದ ಬಿಸಿ ಶಿಲೆಯ ಕವಚ. ಅದರ ಮೇಲೆ ತೆಳುವಾದ ಚಿಪ್ಪು. ಖಂಡಗಳ ಕೆಳಗೆ ಈ ಚಿಪ್ಪು ಸಾಮಾನ್ಯವಾಗಿ 20ರಿಂದ 25 ಮೈಲಿ ದಪ್ಪವಿರುತ್ತದೆ. ನಮಗೆ ದೊರೆಯುವ ಬಾವಿಯ ನೀರಾದರೋ ಈ ಚಿಪ್ಪಿನ ಮೇಲ್ತುದಿಯ ಕೆಲವು ನೂರು ಅಡಿಗಳಲ್ಲಿಯೇ ಅಡಗಿದೆ.

ನೆಲದೊಳಗೆ ನದಿಗಳು ಹರಿಯುತ್ತಿವೆ, ಆಳಕ್ಕೆ ಹೋದಷ್ಟೂ ನೀರು ಹೆಚ್ಚು ಎಂದು ಅನೇಕರ ನಂಬಿಕೆ. ಗಂಗೆಯ ಬಯಲಿನಲ್ಲಿ ಮರಳೂ ಮೆಕ್ಕಲೂ ಬಹು ಆಳದವರೆಗೆ ತುಂಬಿಕೊಂಡಿವೆ. ಅಲ್ಲಿ ಕಣಕಣಗಳ ನಡುವೆ ನೀರು ನಿಲ್ಲುತ್ತದೆ. ನಮ್ಮ ನೈಸ್ ಶಿಲೆಯಲ್ಲಿ ಅಂತಹ ಎಡೆಯಿಲ್ಲ. ಇಲ್ಲಿ ನೀರಿಗೆ ಎರಡೇ ಮನೆಗಳು. ಬಂಡೆಯು ಬಿಸಿಲು ಮಳೆಗಳಿಗೆ ಶಿಥಿಲವಾಗಿ ಗೊರಚಾಗಿರುವ ಮೇಲಿನ ಪದರ ಒಂದು. ಅದರ ಕೆಳಗೆ ಬಂಡೆಯಲ್ಲಿ ಬಿಟ್ಟಿರುವ ಬಿರುಕುಗಳು ಇನ್ನೊಂದು. ನಮ್ಮ ಹಿರಿಯರ ತೆರೆದ ಬಾವಿಗಳು ಮೊದಲನೆಯ ಮನೆಯ ನೀರನ್ನು ಕುಡಿದವು. ಕೊಳವೆ ಬಾವಿಗಳು ಎರಡನೆಯದನ್ನು ಹೀರುತ್ತಿವೆ. ಒಬ್ಬರ ಹಿತ್ತಲಲ್ಲಿ ನೀರು ಚಿಮ್ಮಿ, ಪಕ್ಕದವರ ಹಿತ್ತಲಲ್ಲಿ ಬರಿಯ ಧೂಳು ಏಳುವುದಕ್ಕೆ ಕಾರಣ ಅದೃಷ್ಟವಲ್ಲ. ಒಂದು ಕೊಳವೆ ಬಿರುಕನ್ನು ಮುಟ್ಟಿತು, ಮತ್ತೊಂದು ಮುಟ್ಟಲಿಲ್ಲ, ಇಷ್ಟೆ. ಒಂದೇ ಬಿರುಕನ್ನು ಇಬ್ಬರೂ ಮುಟ್ಟಿದರೆ, ಹೆಚ್ಚು ಸೆಳೆದವನಿಗೆ ನೀರು, ಮತ್ತೊಬ್ಬನಿಗೆ ಸಾಲ.

ಕೆಳಗೆ ಹೋದಂತೆ ಮೇಲಿನ ಶಿಲೆಯ ಭಾರದಿಂದ ಬಿರುಕುಗಳು ಸಾಮಾನ್ಯವಾಗಿ ಕಿರಿದಾಗಿ, ವಿರಳವಾಗುತ್ತವೆ. ಆದುದರಿಂದ ಆಳವೆಂಬುದು ಐಶ್ವರ್ಯವಲ್ಲ. ವರ್ಷವೆಲ್ಲ ಹರಿಯುವ ಹೊಳೆಯಿಲ್ಲದ ಕೋಲಾರದ ಸೀಮೆಯಲ್ಲಿ 1,000 ಅಡಿಗೂ ಮಿಗಿಲಾದ ಕೊಳವೆಗಳನ್ನು ಇಳಿಸಿದ್ದುಂಟು. ಅಷ್ಟು ಆಳದ ನೀರು ನಿನ್ನಿನ ಮಳೆಯದಲ್ಲ. ಬಹುಕಾಲ ಕಲ್ಲಿನ ಸಹವಾಸದಲ್ಲಿದ್ದ ನೀರು ಕಲ್ಲಿನ ಗುಣವನ್ನೂ ಪಡೆಯುತ್ತದೆ. ಅದರಲ್ಲಿ ಕರಗಿದ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದರೆ ಮಕ್ಕಳ ಹಲ್ಲಿನಲ್ಲಿ ಕಲೆ ಮೂಡುವ ಭಯವುಂಟು. ಇನ್ನೂ ಹೆಚ್ಚಿ, ವರ್ಷಗಟ್ಟಲೆ ಕುಡಿದರೆ ಮೂಳೆಗಳೇ ಬಿಗಿದು ಬಾಗುತ್ತವೆ.

ಇಂತಹ ಗಟ್ಟಿ ಶಿಲೆಯ ನಾಡಿನಲ್ಲಿ ಬಿದ್ದ ಮಳೆಯ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ನೆಲದೊಳಕ್ಕೆ ಇಳಿಯುತ್ತದೆ. ಅದು ಇಳಿಯಬೇಕಾದರೆ ನೀರು ಕೆಲಕಾಲ ನಿಲ್ಲಬೇಕು. ನಮ್ಮ ಪೂರ್ವಿಕರು ಭೂಗರ್ಭಶಾಸ್ತ್ರವನ್ನು ಓದಿರಲಿಲ್ಲ. ಆದರೆ ತಗ್ಗು ಕಂಡಲ್ಲಿ ಏರಿ ಕಟ್ಟಿ, ಒಂದು ಕೆರೆಯ ಕೋಡಿ ಮುಂದಿನ ಕೆರೆಗೆ ಬೀಳುವಂತೆ ಮಾಡಿದರು. ಕೆರೆಯ ಕೆಳಗಿನ ಬಾವಿ ಬೇಸಗೆಯಲ್ಲಿಯೂ ಬತ್ತದಿದ್ದುದು ಈ ಏರ್ಪಾಡಿನ ಫಲ. ಕೆರೆಯ ಅಂಗಳದಲ್ಲಿ ಬಡಾವಣೆ ಕಟ್ಟಿದ ನಾವು, ಅದೇ ಬಡಾವಣೆಯಲ್ಲಿ ನೀರಿಗಾಗಿ ಕೊಳವೆ ಕೊರೆಯುತ್ತಿದ್ದೇವೆ!

ಮಹಾಶಯರೆ, ಬಂಡೆಯು ನೀರನ್ನು ಹುಟ್ಟಿಸುವುದಿಲ್ಲ. ಕೊಟ್ಟದ್ದನ್ನು ಇಟ್ಟುಕೊಂಡು ಹಿಂದಕ್ಕೆ ಕೊಡುತ್ತದೆ. ಮುಂದಿನ ಮಳೆಗಾಲದಲ್ಲಿ ತಮ್ಮ ಮನೆಯ ಮಾಳಿಗೆಯ ನೀರು ಚರಂಡಿಗೆ ಹೋಗುವುದೋ, ನೆಲಕ್ಕೆ ಇಳಿಯುವುದೋ ಎಂಬುದನ್ನು ಒಮ್ಮೆ ನೋಡಿರೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.