ಹೆಸರು ಹಿಡಿದು ಕರೆಯುವ ಸಾಲಿ

ನರಗುಂದದ ಎರೆ ಹೊಲ, ನಡುವೆ ರೋಣ, ಆಚೆ ಗಜೇಂದ್ರಗಡದ ಗುಡ್ಡ. ನಮ್ಮ ಈ ಸೀಮೆಯಲ್ಲಿ ಸರಕಾರಿ ಶಾಲೆ ಬರುವ ಮೊದಲು ಗಾಂವಠಿ ಶಾಲೆಗಳಿದ್ದವು. ಗುಡಿಯ ಪೌಳಿ ಇಲ್ಲವೆ ಮಠದ ಪಡಸಾಲೆ, ಒಬ್ಬರೇ ಐಗಳು, ಬೆರಳೆಣಿಕೆಯ ಮಕ್ಕಳು. ಉಸುಕಿನಲ್ಲಿ ಅಕ್ಷರ ತಿದ್ದುತ್ತಿದ್ದರು. ದೊಡ್ಡ ಹುಡುಗ ಸಣ್ಣವನಿಗೆ ಮಗ್ಗಿ ಹೇಳಿಕೊಡುತ್ತಿದ್ದ. ಯಾವ ಹುಡುಗ ಎಲ್ಲಿ ತಡವರಿಸುತ್ತಾನೆಂಬುದು ಐಗಳಿಗೆ ಗೊತ್ತಿರುತ್ತಿತ್ತು.

ಇಂಥದೇ ಪದ್ಧತಿಯನ್ನು ದಕ್ಷಿಣ ಭಾರತದಲ್ಲಿ ಕಂಡ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಮದರಾಸಿನ ಅನಾಥಾಲಯದಲ್ಲಿ ಅದನ್ನು ನಡೆಸಿ ನೋಡಿದ. 1797ರಲ್ಲಿ ಲಂಡನ್ನಿನಲ್ಲಿ ಅದರ ವರದಿ ಅಚ್ಚಾಯಿತು. ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಿಗೆ ಆ ಕ್ರಮ ಹೋದದ್ದು ಹೀಗೆ. ಆದರೆ ಗಾಂವಠಿ ಶಾಲೆಯನ್ನು ಹೊಗಳುವಾಗ ಒಂದು ಮಾತು ಮುಚ್ಚಿಡಬಾರದು. ಹೆಣ್ಣುಮಕ್ಕಳಿಗೂ ದಲಿತ ಕೇರಿಯ ಮಕ್ಕಳಿಗೂ ಆ ಪಡಸಾಲೆಯಲ್ಲಿ ಜಾಗವಿರಲಿಲ್ಲ.

ಆಮೇಲೆ ಮುಂಬಯಿ ಪ್ರಾಂತದ ಸರಕಾರಿ ಶಾಲೆಗಳು ಬಂದವು. ಶಿಕ್ಷಣ ಇಲಾಖೆಯ ಡೆಪ್ಯೂಟಿ ಚನ್ನಬಸಪ್ಪನವರಂಥವರು ಧಾರವಾಡ ಸೀಮೆಯಲ್ಲಿ ಕನ್ನಡ ಶಾಲೆಗಳಿಗಾಗಿ ಜೀವ ತೇದರು. ಸ್ವಾತಂತ್ರ್ಯದ ನಂತರ ಹೈಸ್ಕೂಲು ಹಳ್ಳಿಗೂ ಬಂತು, ಬಾಗಿಲು ಎಲ್ಲರಿಗೂ ತೆರೆಯಿತು. ಇದು ದೊಡ್ಡ ಗೆಲುವು. ಆದರೆ ವರ್ಗ ತುಂಬಿದಂತೆ ಹಿಂದಿನ ಬೆಂಚಿನ ಹುಡುಗಿ ಹಾಜರಿ ಪುಸ್ತಕದ ಒಂದು ನಂಬರಾದಳು.

ಅಮೆರಿಕದಲ್ಲೂ ಹೀಗೆಯೇ ಆಯಿತು. 1959ರಲ್ಲಿ ಶಿಕ್ಷಣ ತಜ್ಞ ಜೇಮ್ಸ್ ಕಾನಂಟ್ ದೊಡ್ಡ ಹೈಸ್ಕೂಲುಗಳೇ ಬೇಕೆಂದು ಬರೆದರು. ಅದಕ್ಕೆ ಎದುರಾಗಿ 1985ರಲ್ಲಿ ಶಿಕ್ಷಕಿ ಡೆಬೊರಾ ಮೆಯರ್ ನ್ಯೂಯಾರ್ಕಿನ ಬಡ ಕೇರಿಯಲ್ಲಿ ಸಣ್ಣ ಹೈಸ್ಕೂಲು ತೆರೆದು, ಪ್ರತಿ ಶಿಕ್ಷಕರ ಪಾಲಿಗೂ ಒಂದು ಸಣ್ಣ ಗುಂಪನ್ನು ಒಪ್ಪಿಸಿದರು. 2000ದ ನಂತರ ಗೇಟ್ಸ್ ಪ್ರತಿಷ್ಠಾನ ಸಣ್ಣ ಶಾಲೆಗಳಿಗೆ ಅಪಾರ ಹಣ ಸುರಿಯಿತು. ಹಲವು ಕಡೆ ಅಂದುಕೊಂಡ ಫಲ ಸಿಗಲಿಲ್ಲವೆಂದು ತಾನೇ ಒಪ್ಪಿಕೊಂಡಿತು. ಗೋಡೆ ಕಟ್ಟಿ ದೊಡ್ಡ ಶಾಲೆಯನ್ನು ಸಣ್ಣದಾಗಿ ಒಡೆದರಷ್ಟೇ ಸಾಲದು, ಒಳಗಿನ ಪಾಠವೂ ಬದಲಾಗಬೇಕು.

ನಮ್ಮಲ್ಲಿ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ತರಗತಿಗೆ 50 ಮಕ್ಕಳೆಂಬ ಲೆಕ್ಕ ಇಟ್ಟುಕೊಂಡವು. ಉಳಿದ ಹೈಸ್ಕೂಲುಗಳಲ್ಲಿ ಶಿಕ್ಷಕರೇ ದಾರಿ ಹುಡುಕಿದರು. ಎಸ್ಸೆಸ್ಸೆಲ್ಸಿ ಮಕ್ಕಳನ್ನು ಹಂಚಿಕೊಂಡು ದತ್ತು ತೆಗೆದುಕೊಳ್ಳುವುದು, ಗುಂಪು ಅಭ್ಯಾಸ, ಮನೆ ಭೇಟಿ, ನಸುಕಿನಲ್ಲಿ ಫೋನ್ ಮಾಡಿ ಓದಲು ಎಬ್ಬಿಸುವುದು. ಮಳೆ ಕೈಕೊಟ್ಟ ವರ್ಷ ಈ ಭಾಗದ ತಾಂಡಾಗಳಿಂದ ಜನ ಗೋವೆಗೆ, ಮಂಗಳೂರಿಗೆ ದುಡಿಯಲು ಹೋಗುತ್ತಾರೆ. ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತಾರೆ. ಅಂಥ ಮಗುವಿಗೆ "ನಿನ್ನೆ ಯಾಕ ಬರಲಿಲ್ಲವಾ, ಉಂಡಿಯೇನು?" ಎಂದು ಕೇಳುವ ಒಬ್ಬ ಸರ್, ಒಬ್ಬ ಅಕ್ಕೋರು ಇರುವುದೆಂದರೆ ಶಾಲೆ ಬಿಡದಿರಲು ಒಂದು ಕಾರಣ ಸಿಕ್ಕಂತೆ.

ನನಗೆ ನೋವಾಗುವುದು ಇಲ್ಲಿ. ಈ ದತ್ತು ಸಾಮಾನ್ಯವಾಗಿ ಹತ್ತನೆಯ ತರಗತಿಗೆ, ಪರೀಕ್ಷೆ ಹತ್ತಿರ ಬಂದಾಗ, ಫಲಿತಾಂಶದ ಭಯದಿಂದ ನಡೆಯುತ್ತದೆ. ಎಂಟನೆಯ ತರಗತಿಯಲ್ಲೇ ಕೈಬಿಟ್ಟುಹೋದ ಮಗು ಅಲ್ಲಿಯವರೆಗೆ ಉಳಿದಿರುವುದಿಲ್ಲ.

ರೋಣ, ನರಗುಂದ, ಗಜೇಂದ್ರಗಡದ ಮುಖ್ಯೋಪಾಧ್ಯಾಯರಲ್ಲಿ ನನ್ನದೊಂದು ವಿನಂತಿ. 200 ಮಕ್ಕಳು, 8 ಶಿಕ್ಷಕರಿದ್ದರೆ ಒಬ್ಬೊಬ್ಬರ ಪಾಲಿಗೆ 25 ಮಕ್ಕಳು. ಹೊಸ ಕಟ್ಟಡ ಬೇಡ, ಹೊಸ ಆದೇಶವೂ ಬೇಡ. ಜೂನ್ ತಿಂಗಳ ಮೊದಲ ಸಭೆಯಲ್ಲೇ, ಎಂಟನೆಯ ತರಗತಿಯಿಂದಲೇ, ಮಕ್ಕಳ ಹೆಸರುಗಳನ್ನು ಹಂಚಿಕೊಳ್ಳಿ. ಮೂರು ವರ್ಷ ಅದೇ ಮಕ್ಕಳು ಅದೇ ಶಿಕ್ಷಕರ ಕಣ್ಣಳತೆಯಲ್ಲಿರಲಿ.